ಬಿಳಿ ಗುಳಿಗೆ ಕೊಡುವ ಮೊದಲು ಗಡುವು ಬರೆದಿಡಿ

ನಮ್ಮತ್ತೆಯ ಬೀರುವಿನಲ್ಲಿ ಒಂದು ಹಳೇ ಬಿಸ್ಕತ್ತಿನ ಡಬ್ಬಿ ಇತ್ತು. ಅದರ ತುಂಬ ಹೋಮಿಯೋಪತಿ ಔಷಧಿಯ ಪುಟ್ಟ ಪುಟ್ಟ ಸೀಸೆಗಳು. ಮೂಗು ಸೋರಿದರೆ ಅಲಿಯಂ ಸೀಪಾ. ಬಿದ್ದು ಮೊಣಕಾಲು ಊದಿಕೊಂಡರೆ ಆರ್ನಿಕಾ. ಮದುವೆಮನೆ ಊಟ ಜಾಸ್ತಿಯಾದರೆ ನಕ್ಸ್ ವಾಮಿಕಾ. ನಾಲ್ಕು ಬಿಳಿ ಗುಳಿಗೆ ನಾಲಿಗೆ ಮೇಲೆ. ಮಕ್ಕಳಂತೂ ಕೇಳಿ ಕೇಳಿ ತಿನ್ನುತ್ತಿದ್ದರು. ಸಿಹಿ ಅಲ್ವಾ!

ನನ್ನ ಮಗಳಿಗೆ ಎರಡು ವರ್ಷವಿದ್ದಾಗ ಭೇದಿ ಶುರುವಾಯಿತು. ಎರಡು ಗಂಟೆಗೊಮ್ಮೆ ಗುಳಿಗೆ ಕೊಟ್ಟೆವು. 'ನಾಳೆ ಸರಿಹೋಗತ್ತೆ' ಅಂದುಕೊಂಡು ಒಂದೂವರೆ ದಿನ ಕಳೆದೆವು. ಮಾರನೇ ದಿನ ಸಂಜೆ ನೋಡಿದರೆ ಮಗುವಿನ ಕಣ್ಣು ಗುಳಿ ಬಿದ್ದಿತ್ತು. ಬೆಳಗಿನಿಂದ ಉಚ್ಚೆ ಹೊಯ್ದಿರಲಿಲ್ಲ. ಅತ್ತರೂ ಕಣ್ಣೀರಿಲ್ಲ. ಆ ರಾತ್ರಿ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿ ಉಳಿಸಿಕೊಂಡೆವು. ಗುಳಿಗೆಯಿಂದ ಅವಳಿಗೆ ಏನೂ ಕೆಡುಕಾಗಲಿಲ್ಲ. ನಾವು ಕಾದು ಕೂತಿದ್ದರಿಂದ ಆಯಿತು.

ಹಾಗಾಗಿ ಈ ಲೇಖನ. ಹೋಮಿಯೋಪತಿ ಗುಳಿಗೆ ಇರುವ ಮನೆಯಲ್ಲಿ ನೆಗಡಿ, ಜ್ವರ, ಭೇದಿ ಬಂದಾಗ ಹೇಗೆ ನಡೆದುಕೊಳ್ಳಬೇಕು ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ಸೀಸೆಯ ಮೇಲಿನ ಚೀಟಿ ಓದಿ

ಹೆಸರಿನ ಪಕ್ಕದಲ್ಲಿ 6, 30, 200 ಅಂತ ಒಂದು ಸಂಖ್ಯೆ ಇರುತ್ತದೆ. ಅದೇ ಪೊಟೆನ್ಸಿ. ಮೂಲ ಪದಾರ್ಥದ ಒಂದು ಹನಿಗೆ 99 ಹನಿ ನೀರು ಮತ್ತು ಆಲ್ಕೋಹಾಲ್ ಸೇರಿಸಿ ಜೋರಾಗಿ ಕುಲುಕಿದರೆ ಒಂದನೇ ಸುತ್ತು. ಅದರಿಂದ ಒಂದು ಹನಿ ತೆಗೆದು ಮತ್ತೆ 99 ಹನಿಗೆ ಬೆರೆಸಿದರೆ ಎರಡನೇ ಸುತ್ತು. ಹೀಗೆ ಮೂವತ್ತು ಸುತ್ತು ಮಾಡಿದ್ದು 30. ಕೊನೆಗೆ ಆ ದ್ರವವನ್ನು ಸಕ್ಕರೆ ಗುಳಿಗೆಗಳ ಮೇಲೆ ಹನಿಸುತ್ತಾರೆ.

ಸ್ವಲ್ಪ ಲೆಕ್ಕ ಹಾಕೋಣ. ಹನ್ನೆರಡನೇ ಸುತ್ತು ದಾಟಿದರೆ ಮೂಲ ಪದಾರ್ಥದ ಒಂದು ಅಣು ಉಳಿಯುವುದೂ ಕಷ್ಟ. ಹದಿಮೂರನೇ ಸುತ್ತಿಗೇ ಅದು ಭೂಮಿಯ ಎಲ್ಲ ಸಮುದ್ರಗಳಿಗೆ ಒಂದು ಹನಿ ಬೆರೆಸಿದ್ದಕ್ಕಿಂತ ತೆಳುವಾಗಿರುತ್ತದೆ. ಮೂವತ್ತನೇ ಸುತ್ತಿನ ಹೊತ್ತಿಗೆ ಒಂದರ ಮುಂದೆ ಅರವತ್ತು ಸೊನ್ನೆ. ಅಂದರೆ 30 ಅಥವಾ 200 ಅಂತ ಬರೆದ ಗುಳಿಗೆಯಲ್ಲಿ ಇರುವುದು ಸಕ್ಕರೆ. 'ಪವರ್ ಜಾಸ್ತಿ' ಅಂತ 200 ಕೊಡುತ್ತಾರಲ್ಲ, ಅದು ಇನ್ನೂ ತೆಳು.

ಚೀಟಿಯ ಮೇಲೆ 'ಕ್ಯೂ' ಅಥವಾ 'ಮದರ್ ಟಿಂಕ್ಚರ್' ಅಂತ ಇದ್ದರೆ ಕತೆಯೇ ಬೇರೆ. ಅದು ಗಿಡದ ಸತ್ವವನ್ನು ಆಲ್ಕೋಹಾಲಿನಲ್ಲಿ ಇಳಿಸಿದ್ದು. ಅದರಲ್ಲಿ ನಿಜಕ್ಕೂ ಪದಾರ್ಥ ಇರುತ್ತದೆ, ಆಲ್ಕೋಹಾಲೂ ಇರುತ್ತದೆ. 2ಎಕ್ಸ್, 3ಎಕ್ಸ್ ಅಂತ ಇದ್ದರೂ ಹೀಗೇ. ಅಲ್ಲಿ ಒಂದಕ್ಕೆ ಹತ್ತರ ಲೆಕ್ಕ, ಅಷ್ಟೇನೂ ತೆಳುವಲ್ಲ. ಮಕ್ಕಳಿಗೆ, ಬಸುರಿಯರಿಗೆ, ಲಿವರ್ ತೊಂದರೆ ಇರುವವರಿಗೆ ಇವನ್ನು ಸುಮ್ನೆ ಕೊಡಬೇಡಿ. ಅಮೆರಿಕದಲ್ಲಿ ಹಲ್ಲು ಬರುವ ಮಕ್ಕಳಿಗೆಂದು ಮಾರುತ್ತಿದ್ದ ಹೋಮಿಯೋಪತಿ ಮಾತ್ರೆಗಳಲ್ಲಿ ಬೆಲಡೋನಾ ಅನ್ನುವ ವಿಷಗಿಡದ ಅಂಶ ಒಂದೊಂದರಲ್ಲಿ ಒಂದೊಂದು ಪ್ರಮಾಣದಲ್ಲಿ ಸಿಕ್ಕಿತ್ತು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲಿ ಒಮ್ಮೆ, 2016ರಲ್ಲಿ ಮತ್ತೊಮ್ಮೆ ತಂದೆತಾಯಿಗಳನ್ನು ಎಚ್ಚರಿಸಬೇಕಾಯಿತು.

ಹೆಸರು, ಪೊಟೆನ್ಸಿ, ತಯಾರಕರು, ಬ್ಯಾಚ್ ನಂಬರ್ ಯಾವುದೂ ಇಲ್ಲದ ಪೊಟ್ಟಣ ಬಂದರೆ ಬಳಸಲೇಬೇಡಿ. ಡಾಕ್ಟರು ಪುಡಿ ಕಟ್ಟಿ ಕೊಟ್ಟರೆ 'ಇದರ ಹೆಸರು ಬರೆದುಕೊಡಿ ಸರ್' ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು. ಸಕ್ಕರೆ ಕಾಯಿಲೆಯವರು ದಿನಕ್ಕೆ ಎಷ್ಟು ಗುಳಿಗೆ ಹೋಗುತ್ತಿದೆ ಅಂತಲೂ ನೋಡಿಕೊಳ್ಳಿ.

ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ

ಜರ್ಮನಿಯ ವೈದ್ಯ ಸ್ಯಾಮುಯೆಲ್ ಹಾನಿಮನ್ 1796ರಲ್ಲಿ ಈ ವಿಚಾರವನ್ನು ಮೊದಲು ಪ್ರಕಟಿಸಿದರು. ಆರೋಗ್ಯವಂತರಲ್ಲಿ ಯಾವುದು ರೋಗದಂಥ ಲಕ್ಷಣ ತರುತ್ತದೋ ಅದನ್ನೇ ತೀರಾ ತೆಳು ಮಾಡಿ ಕೊಟ್ಟರೆ ಆ ರೋಗ ಹೋಗುತ್ತದೆ ಅನ್ನುವುದು ಅವರ ನಂಬಿಕೆ. ಈರುಳ್ಳಿ ಹೆಚ್ಚುವಾಗ ಕಣ್ಣು ಮೂಗಲ್ಲಿ ನೀರು ಸುರಿಯುತ್ತದಲ್ಲ? ಅದಕ್ಕೇ ನೆಗಡಿಗೆ ಅಲಿಯಂ ಸೀಪಾ. ಅದು ಈರುಳ್ಳಿಯದೇ ಹೆಸರು.

ಆ ಕಾಲಕ್ಕೆ ಹೋಮಿಯೋಪತಿ ಗೆದ್ದಿದ್ದಕ್ಕೆ ಕಾರಣವಿತ್ತು. ಉಳಿದ ಡಾಕ್ಟರುಗಳು ರೋಗಿಯ ರಕ್ತ ಹರಿಸುತ್ತಿದ್ದರು, ಪಾದರಸ ಕುಡಿಸುತ್ತಿದ್ದರು. 1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಬಂದಾಗ ಅಲ್ಲಿನ ಹೋಮಿಯೋಪತಿ ಆಸ್ಪತ್ರೆಯಲ್ಲಿ ಬೇರೆಡೆಗಿಂತ ಕಡಿಮೆ ಜನ ಸತ್ತರು. ಅಲ್ಲಿ ರೋಗಿಯ ಮೈಗೆ ಹಿಂಸೆ ಕೊಡುತ್ತಿರಲಿಲ್ಲ ಅನ್ನುವುದೇ ದೊಡ್ಡ ಉಪಕಾರವಾಗಿತ್ತು. ನಮ್ಮ ಮಂಗಳೂರಿಗೂ ಇದು ಹಾಗೇ ಬಂತು. ಅಗಸ್ಟಸ್ ಮುಲ್ಲರ್ ಅನ್ನುವ ಜರ್ಮನ್ ಪಾದ್ರಿ 1880ರಲ್ಲಿ ಕಂಕನಾಡಿಯ ಆಲದ ಮರದ ಕೆಳಗೆ ಬಡವರಿಗೆ ಹೋಮಿಯೋಪತಿ ಔಷಧಿ ಕೊಡಲು ಶುರು ಮಾಡಿದರು. ಅವರ ಕರುಣೆಯ ಬಗ್ಗೆ ನನಗೆ ತುಂಬ ಗೌರವವಿದೆ. ಅವರ ಹೆಸರಿನ ಸಂಸ್ಥೆಯಲ್ಲಿ ಇವತ್ತು ಅಲೋಪತಿ ಮೆಡಿಕಲ್ ಕಾಲೇಜು, ದೊಡ್ಡ ಆಸ್ಪತ್ರೆ ಎಲ್ಲ ಇವೆ.

ಈಗ ನಮ್ಮ ಕೈಯಲ್ಲಿ ಪರೀಕ್ಷೆಗಳ ಫಲಿತಾಂಶವಿದೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಸಂಶೋಧನಾ ಮಂಡಳಿ 176 ಅಧ್ಯಯನಗಳನ್ನು ಪರಿಶೀಲಿಸಿ 2015ರಲ್ಲಿ ವರದಿ ಕೊಟ್ಟಿತು. ಹೋಮಿಯೋಪತಿಯಿಂದ ಗುಣವಾಗುತ್ತದೆ ಎಂದು ನಂಬಲರ್ಹ ಪುರಾವೆ ಇರುವ ಕಾಯಿಲೆ ಒಂದೂ ಇಲ್ಲ ಅನ್ನುವುದು ಅದರ ತೀರ್ಮಾನ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ 2017ರಲ್ಲಿ ಇದನ್ನು ಬರೆದುಕೊಡುವುದು ನಿಲ್ಲಿಸಿ ಎಂದು ತನ್ನ ವೈದ್ಯರಿಗೆ ಹೇಳಿತು. ನಮ್ಮ ದೇಶದಲ್ಲಿ ಇದಕ್ಕೆ ಕಾನೂನಿನ ಮಾನ್ಯತೆ ಇದೆ, ಕಾಲೇಜುಗಳಿವೆ, ಆಯುಷ್ ಸಚಿವಾಲಯ ಇದೆ. ಮಾನ್ಯತೆ ಇದೆ ಅಂದ ಮಾತ್ರಕ್ಕೆ ಗುಳಿಗೆ ಕೆಲಸ ಮಾಡುತ್ತದೆ ಅಂತಲ್ಲ.

'ಹಾಗಾದರೆ ನನಗೆ ಗುಣವಾಯ್ತಲ್ಲ?' ಅಂತ ನೀವು ಕೇಳಬಹುದು. ಗುಣವಾಗಿದ್ದು ನಿಜ. ನೆಗಡಿಗೆ ಔಷಧಿ ತಗೊಂಡರೆ ಒಂದು ವಾರ, ತಗೊಳ್ಳದಿದ್ದರೆ ಏಳು ದಿನ ಅಂತ ಹಿರಿಯರು ಹೇಳುತ್ತಿದ್ದರು. ಮೂತ್ರಪಿಂಡದ ಸಣ್ಣ ಕಲ್ಲು, ಐದು ಮಿಲಿಮೀಟರಿಗಿಂತ ಚಿಕ್ಕದು, ಚೆನ್ನಾಗಿ ನೀರು ಕುಡಿದರೆ ಹೆಚ್ಚಿನವರಲ್ಲಿ ತಾನಾಗಿ ಜಾರಿ ಹೋಗುತ್ತದೆ. ಮಕ್ಕಳ ನರೂಲಿ ಎಷ್ಟೋ ಸಲ ತಾನಾಗಿ ಉದುರುತ್ತದೆ. ನಾವು ಆ ಹೊತ್ತಿಗೆ ಗುಳಿಗೆ ತಿನ್ನುತ್ತಿರುತ್ತೇವೆ, ಯಶಸ್ಸು ಗುಳಿಗೆಗೆ ಹೋಗುತ್ತದೆ. ಇನ್ನೊಂದು ಮಾತನ್ನೂ ಹೇಳಲೇಬೇಕು. ಹೋಮಿಯೋಪತಿ ಡಾಕ್ಟರು ಎದುರಿಗೆ ಕೂರಿಸಿಕೊಂಡು ನಿದ್ದೆ, ಹಸಿವು, ಮನೆಯ ಚಿಂತೆ ಎಲ್ಲ ಕೇಳುತ್ತಾರೆ. ಅಷ್ಟು ಹೊತ್ತು ಯಾರಾದರೂ ನಮ್ಮ ಮಾತು ಕೇಳಿದರೆ ಮನಸ್ಸು ಹಗುರಾಗುತ್ತದೆ, ನೋವೂ ಕಡಿಮೆ ಅನ್ನಿಸುತ್ತದೆ. ಬೇರೆ ಡಾಕ್ಟರುಗಳೂ ಇಷ್ಟು ತಾಳ್ಮೆಯಿಂದ ಕೇಳಿದರೆ ಎಷ್ಟು ಚೆಂದ.

ಗಡುವು ಬರೆಯುವುದು ಹೇಗೆ

ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದ ಕೂಡಲೇ ಒಂದು ಕಾಗದ ತೆಗೆದುಕೊಳ್ಳಿ. ಮೂರು ವಿಷಯ ಬರೆಯಿರಿ. ಯಾವಾಗ ಶುರುವಾಯಿತು. ಏನು ಕಂಡರೆ ತಕ್ಷಣ ಆಸ್ಪತ್ರೆಗೆ ಹೊರಡಬೇಕು. ಏನೂ ಕಾಣದಿದ್ದರೂ ಯಾವ ದಿನ, ಎಷ್ಟು ಗಂಟೆಗೆ ಡಾಕ್ಟರಿಗೆ ತೋರಿಸಬೇಕು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಇದನ್ನು ಮೊದಲ ಗುಳಿಗೆಗಿಂತ ಮುಂಚೆಯೇ ಮಾಡಬೇಕು. ಆಮೇಲೆ ಮಾಡಿದರೆ 'ಇನ್ನೊಂದು ಡೋಸ್ ನೋಡೋಣ' ಅನ್ನುವ ಮಾತು ಬಂದೇ ಬರುತ್ತದೆ. ಗುಳಿಗೆ ತಗೊಂಡ ಮೇಲೆ ರೋಗ ಜಾಸ್ತಿಯಾದರೆ 'ಒಳಗಿದ್ದದ್ದು ಹೊರಗೆ ಬರ್ತಿದೆ, ಒಳ್ಳೇ ಲಕ್ಷಣ' ಅಂತ ಕೆಲವರು ಸಮಾಧಾನ ಹೇಳುತ್ತಾರೆ. ಆ ಮಾತಿಗೆ ಕಿವಿಗೊಡಬೇಡಿ. ಜಾಸ್ತಿಯಾದರೆ ಜಾಸ್ತಿಯಾಗಿದೆ ಅಂತಲೇ ಅರ್ಥ.

ಭೇದಿ

ಮೊದಲ ಸಲ ನೀರಾಗಿ ಹೋದಾಗಲೇ ಓಆರ್‌ಎಸ್ ಶುರು ಮಾಡಿ. ದೊಡ್ಡ ಪೊಟ್ಟಣವಾದರೆ ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ. ಅರ್ಧ ಪೊಟ್ಟಣ ಅರ್ಧ ಲೋಟಕ್ಕೆ ಅಂತ ಅಂದಾಜು ಬೇಡ. ಕಲಸಿದ್ದನ್ನು 24 ಗಂಟೆಯೊಳಗೆ ಬಳಸಿ, ಉಳಿದದ್ದು ಚೆಲ್ಲಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು, ಎರಡನ್ನೂ ಗುಪ್ಪೆಯಿಲ್ಲದೆ ಸಮ ಮಾಡಿ ಅಳೆಯಿರಿ. ಉಪ್ಪು ಜಾಸ್ತಿಯಾಗಬಾರದು. ಓಆರ್‌ಎಸ್ ತರಹ ಕಾಣುವ ಸಿಹಿ ಜ್ಯೂಸಿನ ಡಬ್ಬಿಗಳು ಅಂಗಡಿಯಲ್ಲಿ ಸಿಗುತ್ತವೆ, ಅವು ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಬರೆದಿರುವ ಪೊಟ್ಟಣವನ್ನೇ ಕೇಳಿ.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿ, ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ನಿಧಾನಕ್ಕೆ ಕುಡಿಸಿ. ಎದೆಹಾಲು, ಮೆತ್ತಗಿನ ಅನ್ನ ನಿಲ್ಲಿಸಬೇಡಿ. ಮಕ್ಕಳಿಗೆ 14 ದಿನ ಜಿಂಕ್ ಕೊಡುವುದೂ ಚಿಕಿತ್ಸೆಯ ಭಾಗ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಓಆರ್‌ಎಸ್ ಮತ್ತು ಜಿಂಕ್ ಎರಡೂ ಉಚಿತವಾಗಿ ಸಿಗುತ್ತವೆ.

ಗಡುವು: ಆರು ಗಂಟೆ ಉಚ್ಚೆ ಹೊಯ್ಯದಿದ್ದರೆ, ಕಣ್ಣು ಗುಳಿ ಬಿದ್ದರೆ, ಕುಡಿಯಲಾಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾದರೆ ತಕ್ಷಣ ಹೊರಡಿ. ಆರು ತಿಂಗಳೊಳಗಿನ ಮಗುವಾದರೆ ಅದೇ ದಿನ ತೋರಿಸಿ. ಮಕ್ಕಳ ಭೇದಿಗೆ ಹೋಮಿಯೋಪತಿ ನಂಬಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಎಚ್ಚರಿಸಿತ್ತು. ಕ್ಷಯ, ಮಲೇರಿಯಾ, ಎಚ್‌ಐವಿಗೂ ಅದೇ ಮಾತು. ಆ ಎಚ್ಚರಿಕೆ ನನ್ನ ಕಿವಿಗೆ ಬಿದ್ದದ್ದು ಮಗಳು ಮನೆಗೆ ಬಂದ ಮೇಲೆ.

ಜ್ವರ

ಕೈ ಮುಟ್ಟಿ ನೋಡುವುದು ಸಾಲದು, ಥರ್ಮಾಮೀಟರ್ ಇಡಿ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಬಂದರೆ ಕಾಯುವ ಮಾತೇ ಇಲ್ಲ, ಆಸ್ಪತ್ರೆಗೆ. ಬೇರೆ ಮಕ್ಕಳಿಗೆ ಪ್ಯಾರಾಸಿಟಮಾಲ್ ಕೊಡಬಹುದು. ಪ್ರತಿ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ, ಆರು ಗಂಟೆ ಅಂತರ, ದಿನಕ್ಕೆ ನಾಲ್ಕು ಸಲ ಮೀರಬಾರದು. ಸಿರಪ್ಪುಗಳಲ್ಲಿ 5 ಮಿಲಿಗೆ 120 ಮಿಲಿಗ್ರಾಂ ಇರುವುದೂ ಇದೆ, 250 ಇರುವುದೂ ಇದೆ. ಬಾಟಲಿ ಓದದೆ ಅಳೆಯಬೇಡಿ.

ಮಳೆಗಾಲದಲ್ಲಿ ಡೆಂಗಿ ನೆನಪಿರಲಿ. ಜ್ವರ ಇಳಿದ ಮೇಲೆ ಅಪಾಯ ಶುರುವಾಗುವ ಕಾಯಿಲೆ ಅದು. ಗುಳಿಗೆಯಿಂದ ಜ್ವರ ಬಿಟ್ಟಿತು ಅಂತ ನೆಮ್ಮದಿಯಾಗಿ ಕೂತಾಗಲೇ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಾಣಿಸಬಹುದು. ಡೆಂಗಿ ಅನುಮಾನವಿದ್ದರೆ ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬೇಡಿ. ಗಡುವು: ಎರಡು ದಿನ ಜ್ವರ ಬಿಡದಿದ್ದರೆ ರಕ್ತಪರೀಕ್ಷೆ. ಫಿಟ್ಸ್ ಬಂದರೆ, ಕತ್ತು ಬಿಗಿದರೆ, ಉಸಿರು ಕಷ್ಟವಾದರೆ ಆ ಕ್ಷಣವೇ.

ನೆಗಡಿ, ಕೆಮ್ಮು

ಇಲ್ಲಿ ಮನೆಮದ್ದೇ ಸಾಕು. ಬಿಸಿನೀರು, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುವುದು, ಒಂದು ವರ್ಷ ದಾಟಿದ ಮಕ್ಕಳಿಗೆ ಮಲಗುವ ಮುಂಚೆ ಒಂದು ಚಮಚ ಜೇನು. ಒಂದು ವರ್ಷದೊಳಗಿನ ಕೂಸಿಗೆ ಜೇನು ಬೇಡವೇ ಬೇಡ. ಅಲಿಯಂ ಸೀಪಾ ಕೊಟ್ಟರೂ ಕೊಡದಿದ್ದರೂ ಇಲ್ಲಿ ವ್ಯತ್ಯಾಸವಿಲ್ಲ.

ಆದರೆ ಉಸಿರು ಎಣಿಸಲು ಕಲಿಯಿರಿ. ಮಗು ಸುಮ್ಮನಿದ್ದಾಗ ಅಂಗಿ ಮೇಲೆತ್ತಿ ಪೂರ್ತಿ ಒಂದು ನಿಮಿಷ ಎಣಿಸಿ. ಎರಡರಿಂದ ಹನ್ನೆರಡು ತಿಂಗಳ ಮಗುವಿಗೆ 50 ಅಥವಾ ಜಾಸ್ತಿ, ಒಂದರಿಂದ ಐದು ವರ್ಷದವರಿಗೆ 40 ಅಥವಾ ಜಾಸ್ತಿ ಇದ್ದರೆ ನ್ಯುಮೋನಿಯಾ ಇರಬಹುದು. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರೂ ಹಾಗೇ. ದೊಡ್ಡವರಿಗೆ ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಹೊಟ್ಟೆ ಉರಿ, ಪೆಟ್ಟು, ಮಂಡಿ ನೋವು

ಊಟ ಜಾಸ್ತಿಯಾಗಿ ಹೊಟ್ಟೆ ಉಬ್ಬರಿಸಿದ್ದರೆ ಒಂದು ಹೊತ್ತು ಲಂಘನ ಸಾಕು. 'ಗ್ಯಾಸ್' ಅಂತ ಎದೆ ಒತ್ತಿಕೊಂಡು ಬೆವರುತ್ತಿದ್ದರೆ, ನೋವು ದವಡೆಗೋ ಎಡಗೈಗೋ ಹರಿದರೆ ನಕ್ಸ್ ವಾಮಿಕಾ ಹುಡುಕುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ.

ಪೆಟ್ಟಿಗೆ ಬಟ್ಟೆ ಸುತ್ತಿದ ಐಸ್ ಇಡಿ. ತಲೆಗೆ ಪೆಟ್ಟು ಬಿದ್ದು ವಾಂತಿಯಾದರೆ ಅಥವಾ ತೂಕಡಿಕೆ ಬಂದರೆ ಆಸ್ಪತ್ರೆಗೆ. ಮಂಡಿ ನೋವಿಗೆ ತೊಡೆಯ ಸ್ನಾಯು ಗಟ್ಟಿಮಾಡುವ ವ್ಯಾಯಾಮ, ತೂಕ ಇಳಿಸುವುದು ನಿಜಕ್ಕೂ ನೆರವಾಗುತ್ತದೆ. ಮಂಡಿ ನೋವಿಗೆಂದು ರಸ್ ಟಾಕ್ಸ್ ಗುಳಿಗೆ ತಿನ್ನುವವರು ಅದರ ಜೊತೆಗೆ ಇದನ್ನೂ ಮಾಡಲಿ.

ಗುಳಿಗೆ ತಗೊಳ್ಳುವವರು ನಿಲ್ಲಿಸಬಾರದ್ದು

ಬಿಪಿ, ಶುಗರ್, ಥೈರಾಯ್ಡ್, ಫಿಟ್ಸ್, ಆಸ್ತಮಾದ ಔಷಧಿಗಳನ್ನು ಯಾರೇ ಹೇಳಿದರೂ ಥಟ್ಟನೆ ನಿಲ್ಲಿಸಬೇಡಿ. ಇನ್ಸುಲಿನ್ ಬಿಟ್ಟರೆ ಕೆಲವೇ ದಿನದಲ್ಲಿ ಜೀವಕ್ಕೆ ಅಪಾಯ. ಮಕ್ಕಳ ಲಸಿಕೆಗೆ ಬದಲಾಗಿ ಯಾವ ಗುಳಿಗೆಯೂ ಇಲ್ಲ. ಎದೆಯಲ್ಲಿ ಗಂಟು, ಕಾರಣವಿಲ್ಲದೆ ತೂಕ ಇಳಿಯುವುದು, ಮಲದಲ್ಲಿ ರಕ್ತ ಇವೆಲ್ಲ ಪರೀಕ್ಷೆ ಆಗಲೇಬೇಕಾದ ಸಂಗತಿಗಳು. ಮೂಲವ್ಯಾಧಿ ಅಂತ ಗುಳಿಗೆ ತಿನ್ನುತ್ತಾ ವರ್ಷ ಕಳೆಯಬಾರದು.

ಮನೆಯ ಹಿರಿಯರು ಗುಳಿಗೆ ನಂಬಿದ್ದರೆ ಅವರ ಜೊತೆ ಜಗಳ ಬೇಡ. ನಮ್ಮತ್ತೆಗೆ ನಾನು ಡಬ್ಬಿ ಎಸೆಯಿರಿ ಅಂತ ಹೇಳಲಿಲ್ಲ. ಅದರೊಳಗೆ ಒಂದು ಥರ್ಮಾಮೀಟರ್, ನಾಲ್ಕು ಓಆರ್‌ಎಸ್ ಪೊಟ್ಟಣ ಇಟ್ಟೆ. ಗಡುವಿನ ಕಾಗದವನ್ನು ಅವರ ಕೈಯಿಂದಲೇ ಬರೆಸಿದೆ. ಮೊಮ್ಮಗನಿಗೆ ಜ್ವರ ಬಂದಾಗ 'ಎರಡು ದಿನ ಆಯ್ತು, ಹೊರಡಮ್ಮ' ಅಂತ ಮೊದಲು ಎದ್ದವರು ಅವರೇ.

ಆಸ್ಪತ್ರೆಗೆ ಹೋಗುವಾಗ ಆ ಸೀಸೆಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ. ಡಾಕ್ಟರು ಬೈಯಬಹುದು ಅಂತ ಮುಚ್ಚಿಡಬೇಡಿ. ಯಾವುದು, ಎಷ್ಟು ಪೊಟೆನ್ಸಿ, ಎಷ್ಟು ದಿನದಿಂದ, ಅದರಲ್ಲಿ ಮದರ್ ಟಿಂಕ್ಚರ್ ಇತ್ತಾ ಅನ್ನುವುದು ಅವರಿಗೆ ಗೊತ್ತಾಗಬೇಕು.