ಮೊದಲ ಸಲ ಮೊಬೈಲ್ ವ್ಯಾಲೆಟ್ ಬಳಸುವವರಿಗೆ ಕಲಿಸುವುದು ಹೇಗೆ?

ಖಾತೆ ತೆರೆಸುವುದು ಸುಲಭ. ಅದನ್ನು ಬಳಸುವ ಧೈರ್ಯ ತುಂಬುವುದು ಕಷ್ಟ. ವಿಶ್ವಬ್ಯಾಂಕಿನ ಫಿಂಡೆಕ್ಸ್ ಸಮೀಕ್ಷೆ ಪ್ರಕಾರ ಅಭಿವೃದ್ಧಿಶೀಲ ದೇಶಗಳಲ್ಲಿ ಬ್ಯಾಂಕಿನದೋ ಮೊಬೈಲ್ ಹಣದ್ದೋ (ಅಂದರೆ ಮೊಬೈಲ್ ವ್ಯಾಲೆಟ್‌ನದೋ) ಖಾತೆ ಇರುವ ವಯಸ್ಕರು 2011ರಲ್ಲಿ ಶೇ 42ರಷ್ಟಿದ್ದರು. 2021ರಲ್ಲಿ ಅದು ಶೇ 71 ಆಯಿತು. ಆದರೆ ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ ಮೊಬೈಲ್ ಹಣದ ಖಾತೆ ಇದ್ದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು, ಯಾರೂ ನೆರವಾಗದಿದ್ದರೆ ಬಳಸಲು ಆಗಲ್ಲ ಎಂದಿದ್ದರು. ಮೋಸಗಾರರಿಗೆ ಅನುಕೂಲವಾಗುವುದು ಇದೇ. ಆದ್ದರಿಂದ ಕಲಿಯುವವರೇ ಫೋನ್ ಹಿಡಿಯಲಿ, ಅವರೇ ಒತ್ತಲಿ. ನೀವು ಪಕ್ಕದಲ್ಲಿದ್ದರೆ ಸಾಕು.

ಮೊದಲು ಸಿಮ್ ಅವರದೇ ಹೆಸರಿನಲ್ಲಿದೆಯಾ ನೋಡಿ. ಸೇವೆ ಕೊಡುವ ಕಂಪನಿಗೆ ಅನುಮತಿ ಇದೆಯಾ ಎಂದು ನಿಮ್ಮ ದೇಶದ ಕೇಂದ್ರ ಬ್ಯಾಂಕಿನ ಪಟ್ಟಿಯಲ್ಲೇ ಪರೀಕ್ಷಿಸಿ.

ಆಮೇಲೆ ಪಿನ್. ಅವರು ಅದನ್ನು ಒತ್ತುವಾಗ ನೀವು ಮುಖ ತಿರುಗಿಸಿ. ಮನೆಯವರೇ ಆದರೂ ಪಿನ್ ಹೇಳಬಾರದು ಎನ್ನುವುದು ನಿಮ್ಮಿಂದಲೇ ಶುರುವಾಗಲಿ.

ಇನ್ನು ಮುಖ್ಯವಾದ ಹೆಜ್ಜೆ. ಎಲ್ಲರೂ ಮೊದಲು ಹಣ ಕಳಿಸುವುದನ್ನು ಕಲಿಸುತ್ತಾರೆ. ನನ್ನ ಪ್ರಕಾರ ಮೊದಲು ಕಲಿಸಬೇಕಾದದ್ದು ದುಡ್ಡು ವಾಪಸ್ ತೆಗೆಯುವುದನ್ನು. ಏಜೆಂಟ್, ಅಂದರೆ ಕಂಪನಿ ಪರವಾಗಿ ನಗದು ಪಡೆದು ಖಾತೆಗೆ ಹಾಕುವ, ಖಾತೆಯಿಂದ ನಗದು ಕೊಡುವವರ ಹತ್ತಿರ ತೀರಾ ಸಣ್ಣ ಮೊತ್ತ ಹಾಕಿಸಿ. ಬ್ಯಾಲೆನ್ಸ್ ನೋಡಲಿ. ಅದೇ ದಿನ ನಗದಾಗಿ ತೆಗೆಯಲಿ. ಶುಲ್ಕ ಕಡಿತವಾಗಿದ್ದರೆ ಎಷ್ಟು, ಯಾಕೆ ಎಂದು ಅಲ್ಲೇ ತೋರಿಸಿ. ಹೇಳದೆ ಕಡಿತವಾದ ಸಣ್ಣ ಮೊತ್ತವೂ ಅನುಮಾನ ಹುಟ್ಟಿಸುತ್ತದೆ, ಅಲ್ವಾ? ಇನ್ನೊಮ್ಮೆ ಬೇರೆ ಏಜೆಂಟ್ ಹತ್ತಿರ ಹೋಗಿ ಹೀಗೇ ಮಾಡಲಿ. ಆಗ ದುಡ್ಡು ಆ ಮನುಷ್ಯನ ಕೈಲಿಲ್ಲ, ತಮ್ಮ ಖಾತೆಯಲ್ಲಿದೆ ಎಂದು ಅವರಿಗೇ ತಿಳಿಯುತ್ತದೆ. ಕೀನ್ಯಾದಲ್ಲಿ 2007ರಲ್ಲಿ ಶುರುವಾದ ಎಂ-ಪೆಸಾ ಎಂಬ ಮೊಬೈಲ್ ಹಣದ ಸೇವೆ ಬೇರೂರಿದ್ದೂ ಏಜೆಂಟರ ಜಾಲದಿಂದಲೇ. ಬ್ಯಾಂಕ್ ಖಾತೆ ಇಲ್ಲದವರೂ ಹತ್ತಿರದಲ್ಲೇ ದುಡ್ಡು ಹಾಕಿ, ತೆಗೆಯಬಹುದಿತ್ತು. ಗ್ರಾಹಕರ ದುಡ್ಡನ್ನು ಅಲ್ಲಿ ಬ್ಯಾಂಕಿನ ಟ್ರಸ್ಟ್ ಖಾತೆಯಲ್ಲಿ ಕಂಪನಿಯ ಸ್ವಂತ ದುಡ್ಡಿನಿಂದ ಬೇರೆಯಾಗಿಯೇ ಇಡುತ್ತಾರೆ.

ಕಳಿಸುವುದನ್ನು ಈಗ ಕಲಿಸಿ. ಪಿನ್ ಒತ್ತುವ ಮೊದಲು ಪರದೆಯಲ್ಲಿ ಹೆಸರು ಬಂದರೆ ಗಟ್ಟಿಯಾಗಿ ಓದಲಿ, ಮೊತ್ತವನ್ನೂ ಓದಲಿ. ದುಡ್ಡು ಪಡೆಯಲು ಪಿನ್ ಬೇಡ ಎನ್ನುವುದನ್ನು ಎರಡು ಸಲ ಹೇಳಿ. "ತಪ್ಪಿ ನಿಮಗೆ ದುಡ್ಡು ಬಂದಿದೆ, ವಾಪಸ್ ಹಾಕಿ" ಎಂದು ಯಾರಾದರೂ ಫೋನ್ ಮಾಡಿದರೆ, ದುಡ್ಡು ಬಂದಿದೆ ಎನ್ನುವ ಮೆಸೇಜ್ ಇದ್ದರೂ ನಂಬಬಾರದು. ಅದು ನಕಲಿ ಇರಬಹುದು. ಬ್ಯಾಲೆನ್ಸ್ ನೋಡಬೇಕು. ನಿಜಕ್ಕೂ ಬಂದಿದ್ದರೂ ತಾವೇ ಕಳಿಸದೆ ಕಂಪನಿಗೆ ತಿಳಿಸಬೇಕು.

ಕೊನೆಗೆ ದೂರು ಕೊಡುವುದು. ಇದನ್ನು ತೊಂದರೆ ಆಗುವ ಮೊದಲೇ ಕಲಿಸಿ. ಸಹಾಯವಾಣಿ ನಂಬರನ್ನು ಆ್ಯಪ್‌ನಿಂದ ತೆಗೆದು ಕಾಗದದಲ್ಲಿ ಬರೆದಿಡಿ. ಇಂಟರ್ನೆಟ್‌ನಲ್ಲಿ ಹುಡುಕಿದರೆ ಮೋಸಗಾರರ ನಂಬರ್ ಸಿಗುವುದುಂಟು. ನೀವಿರುವಾಗಲೇ ಒಮ್ಮೆ ಕರೆ ಮಾಡಿ ಏನಾದರೂ ವಿಚಾರಿಸಲಿ. ದುಡ್ಡು ತಪ್ಪಿ ಹೋದರೆ ತಕ್ಷಣ ಫೋನ್ ಮಾಡಿ ವಹಿವಾಟಿನ ನಂಬರ್ ಹೇಳಬೇಕು, ದೂರಿನ ನಂಬರ್ ಬರೆದುಕೊಳ್ಳಬೇಕು. ಕಂಪನಿ ಸ್ಪಂದಿಸದಿದ್ದರೆ ಆ ಎರಡು ನಂಬರ್ ಹಾಕಿ ಕೇಂದ್ರ ಬ್ಯಾಂಕಿಗೆ ಬರೆಯಬಹುದು.