ದೇವರು ಕೈ ಹಾಕ್ತಾನಾ ಇಲ್ವಾ? ಕ್ರೈಸ್ತರ ಬೇರೆ ಬೇರೆ ನಿಲುವು ತಿಳ್ಕೊಳ್ಳೋದು ಹೇಗೆ

ದೇವರು ಲೋಕದ ವಿಷಯದಲ್ಲಿ ಕೈ ಹಾಕ್ತಾನಾ ಅಂತ ಕ್ರೈಸ್ತರನ್ನ ನೇರವಾಗಿ ಕೇಳಿದ್ರೆ ಹೆಚ್ಚಿನವರು ಹೌದು ಅಂತಾರೆ, ಮಾತು ಅಲ್ಲಿಗೇ ಮುಗೀತು. ಅದರ ಬದಲು ಒಂದು ಘಟನೆ ಇಟ್ಕೊಂಡು ಕೇಳಿ. ಆಪರೇಷನ್ ಆಗಿ ಒಬ್ರು ಹುಷಾರಾದ್ರು, ಅದು ಡಾಕ್ಟರ್ ಕೆಲಸನಾ ದೇವರ ಕೆಲಸನಾ?

13ನೇ ಶತಮಾನದ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ದಾರಿಲಿ ಯೋಚಿಸೋ ಕ್ಯಾಥೊಲಿಕ್‌ರು ಇಬ್ಬರದ್ದೂ ಅಂತಾರೆ, ದೇವರು ಮೂಲ ಕಾರಣ, ಡಾಕ್ಟರು ಔಷಧಿ ಎಲ್ಲ ಅದರ ಕೆಳಗಿನ ಕಾರಣಗಳು, ಒಂದಿದ್ರೆ ಇನ್ನೊಂದು ಇರಬಾರ್ದು ಅಂತೇನಿಲ್ಲ. 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣನೂ (ಕ್ಯಾಲ್ವಿನ್ ಅನ್ನೋ ಪ್ರಾಟೆಸ್ಟಂಟ್ ಸುಧಾರಕನ ದಾರಿಯವರು ತಮ್ಮ ನಂಬಿಕೆನ ಬರೆದಿಟ್ಟ ದಾಖಲೆ) ಹೆಚ್ಚುಕಮ್ಮಿ ಇದೇ ಮಾತಾಡುತ್ತೆ, ಆದ್ರೆ ಈ ಕ್ಯಾಲ್ವಿನ್ ಪರಂಪರೆಯವರು ಆಗೋದೆಲ್ಲ ದೇವರು ಮೊದಲೇ ನಿರ್ಧರಿಸಿದ್ದು ಅನ್ನೋದ್ರಿಂದ ಅವರಿಗೆ ದೇವರು "ಮಧ್ಯೆ ಬರೋದು" ಅನ್ನೋದೇ ವಿಚಿತ್ರ, ದೂರ ಹೋದೋರು ತಾನೇ ಮಧ್ಯೆ ಬರೋದು!

ಆಮೇಲೆ ಅದ್ಭುತಗಳ ಬಗ್ಗೆ ಕೇಳಿ. 1906ರಲ್ಲಿ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಲಿ ವಿಲಿಯಂ ಸೆಮೋರ್ ನಡೆಸಿದ ಕೂಟಗಳಿಂದ ಹರಡಿದ ಪೆಂಟೆಕೋಸ್ಟಲ್ ನಂಬಿಕೆಲಿ ಅನ್ಯಭಾಷೆ (ಪವಿತ್ರಾತ್ಮನ ಪ್ರೇರಣೆಯಿಂದ ತಾವು ಕಲೀದ ಭಾಷೆಲಿ ಮಾತಾಡೋದು), ರೋಗ ಗುಣವಾಗೋದು ಎಲ್ಲ ಇವತ್ತಿಗೂ ನಡಿಯುತ್ತೆ. ಬಿ. ಬಿ. ವಾರ್‌ಫೀಲ್ಡ್ ಥರದ ಪ್ರಾಟೆಸ್ಟಂಟ್ ಪಂಡಿತರು ಇಲ್ಲ, ಆ ವರಗಳು ಅಪೊಸ್ತಲರ (ಯೇಸು ಕಳಿಸಿದ ಮೊದಲ ಶಿಷ್ಯರ) ಕಾಲಕ್ಕೇ ಮುಗಿದ್ವು ಅಂತಾರೆ, ಅಂದ್ರೆ ದೇವರು ಪ್ರಾರ್ಥನೆ ಕೇಳಲ್ಲ ಅಂತಲ್ಲ, ಇದನ್ನ ತುಂಬಾ ಜನ ತಪ್ಪಾಗಿ ತಗೋತಾರೆ. ಕ್ಯಾಥೊಲಿಕ್ ಚರ್ಚ್ ಅದ್ಭುತ ನಡಿಯುತ್ತೆ ಅಂತ ನಂಬಿದ್ರೂ ಒಪ್ಪೋಕೆ ಬಲು ಜಿಪುಣ, 1858ರ ನಂತರ ಫ್ರಾನ್ಸ್‌ನ ಯಾತ್ರಾಸ್ಥಳ ಲೂರ್ದ್‌ನಲ್ಲಿ ಗುಣವಾಯ್ತು ಅಂತ ದಾಖಲಾದ ಕೇಸ್ 7,000ಕ್ಕೂ ಹೆಚ್ಚು, ಅದ್ಭುತ ಅಂತ ಒಪ್ಪಿದ್ದು 70ರ ಆಸುಪಾಸು.

ನಿಜವಾದ ವ್ಯತ್ಯಾಸ ಗೊತ್ತಾಗೋದು ಮೂರನೇ ಪ್ರಶ್ನೆಲಿ: ಪ್ರಾರ್ಥನೆ ಮಾಡಿದ್ರೂ ಆಗ್ಲಿಲ್ಲ ಅಂದ್ರೆ? ಒಬ್ರು ದೇವರ ಚಿತ್ತ ಅಂತಾರೆ. ಇನ್ನೊಬ್ರು ವಿಶ್ವಾಸ ಸಾಲ್ಲಿಲ್ಲ ಅಂತಾರೆ, ನನಗಂತೂ ಇದು ಕ್ರೂರ ಅನ್ಸುತ್ತೆ, ಅಪೊಸ್ತಲ ಪೌಲನೇ ಮೂರು ಸಲ ಬೇಡ್ಕೊಂಡ್ರೂ ಅವನನ್ನ ಕಾಡ್ತಿದ್ದ "ಶರೀರದ ಶೂಲ" ಅನ್ನೋ ಬಾಧೆ ಹೋಗ್ಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಅನ್ನೋ ಉತ್ತರ ಬಂತು ಅಷ್ಟೇ. ಯೆರೂಸಲೇಮಿನ ಸಿಲೊವಾಮಿನ ಬುರುಜು ಬಿದ್ದು 18 ಜನ ಸತ್ತಾಗ್ಲೂ ಅವರೇನು ಉಳಿದೋರಿಗಿಂತ ಹೆಚ್ಚು ಪಾಪಿಗಳಲ್ಲ ಅಂತ ಯೇಸು ಹೇಳಿದ್ದು ಲೂಕನ 13ನೇ ಅಧ್ಯಾಯದಲ್ಲಿದೆ. ಎ. ಎನ್. ವೈಟ್‌ಹೆಡ್ ಅನ್ನೋ ಚಿಂತಕನ ತತ್ವಶಾಸ್ತ್ರದಿಂದ ಬೆಳೆದ ಪ್ರೋಸೆಸ್ ಥಿಯಾಲಜಿಯವರು ಇನ್ನೂ ಮುಂದೆ ಹೋಗಿ ದೇವರು ಮನ ಒಲಿಸ್ತಾನೆ, ಬಲವಂತ ಮಾಡೋಕೆ ಅವನಿಂದ ಆಗೋದೇ ಇಲ್ಲ ಅಂತಾರೆ. ಓಪನ್ ಥೀಯಿಸಂನವರು ಹಾಗಲ್ಲ, ಅವನಿಗೆ ಆಗುತ್ತೆ, ಆದ್ರೆ ಮನುಷ್ಯರಿಗೆ ಸ್ವಾತಂತ್ರ್ಯ ಕೊಟ್ಟು ಮುಂದಿನದ್ದನ್ನ ತೆರೆದಿಟ್ಟಿದ್ದಾನೆ ಅಂತಾರೆ. ಈ ಎರಡನ್ನ ಕಲಸ್ಬೇಡಿ.

ಈ ಮೂರನೇ ಪ್ರಶ್ನೆನ ಸಾವಿನ ಮನೇಲಿ, ಆಸ್ಪತ್ರೆ ಬೆಡ್ ಪಕ್ಕ ಎತ್ಲೇಬೇಡಿ. ಮತ್ತೆ ಚರ್ಚ್ ಬೋರ್ಡ್ ನೋಡಿ ಉತ್ತರ ಊಹಿಸ್ಬೇಡಿ, 1967ರಿಂದ ಕ್ಯಾಥೊಲಿಕ್‌ರಲ್ಲೇ ಕ್ಯಾರಿಸ್ಮ್ಯಾಟಿಕ್ ಚಳವಳಿ (ಅನ್ಯಭಾಷೆ, ಗುಣವಾಗೋದು ಥರದ ವರಗಳಿಗೆ ಒತ್ತು ಕೊಡೋದು) ಇದೆ, ಅಲ್ಲಿ ಪ್ರಾರ್ಥನೆ ಮಾಡೋ ರೀತಿ ನೋಡಿದ್ರೆ ಪೆಂಟೆಕೋಸ್ಟಲ್ ಅಂದ್ಕೊಳ್ತೀರಿ.