ರೇಡ್‌ನಲ್ಲಿ ಬ್ಲೆಸಿಂಗ್ ಹಂಚಿದ ನನ್ನ ಅನುಭವ

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್ ಎಂಬ ಆನ್‌ಲೈನ್ ಆಟ 2019ರಲ್ಲಿ ಬಂದಾಗ ನಾನು ಅದರ ಎರಡು ಬಣಗಳಲ್ಲಿ ಒಂದಾದ ಅಲಯನ್ಸ್ ಕಡೆ ಪಲಾಡಿನ್ ಎಂಬ ಪಾತ್ರ ಆಡುತ್ತಿದ್ದೆ. ಯುರೋಪಿನ ಸರ್ವರ್. ಅವರ ಸಂಜೆ ಅಂದರೆ ನಮಗೆ ಮಧ್ಯರಾತ್ರಿ. ಬಾಸ್‌ಗಳನ್ನು, ಅಂದರೆ ಬಲಿಷ್ಠ ಶತ್ರುಗಳನ್ನು, ಒಟ್ಟಾಗಿ ಹೊಡೆಯುವ ರೇಡ್‌ನಲ್ಲಿ 40 ಜನ, ಐದೈದು ಜನರ 8 ಗ್ರೂಪ್. ಬಫ್ (ಸ್ವಲ್ಪ ಹೊತ್ತು ಬಲ ಕೊಡುವ ಮಂತ್ರ) ಯಾರ್ಯಾರಿಗೆ ಯಾವುದು ಅಂತ ನೋಡಿಕೊಳ್ಳುವ ಕೆಲಸಕ್ಕೆ ಯಾರೂ ಮುಂದೆ ಬರಲಿಲ್ಲ. ಸರಿ, ನಾನೇ ಒಪ್ಪಿಕೊಂಡೆ.

ಗುಂಪಿಗೆ ಹಾಕುವ ಬಫ್‌ಗಳೆಲ್ಲ ಒಂದೇ ರೀತಿ ಹರಡುವುದಿಲ್ಲ. ಪ್ರೀಸ್ಟ್ ಹಾಕುವ ಪ್ರೇಯರ್ ಆಫ್ ಫಾರ್ಟಿಟ್ಯೂಡ್, ಮೇಜ್ ಹಾಕುವ ಆರ್ಕೇನ್ ಬ್ರಿಲಿಯನ್ಸ್, ಇವೆರಡೂ ಹರಡುವುದು ಗ್ರೂಪ್ ಲೆಕ್ಕದಲ್ಲಿ. ಒಬ್ಬರ ಮೇಲೆ ಹಾಕಿದರೆ ಅವರ ಗ್ರೂಪಿನ ಐವರಿಗೂ ಸಿಗುತ್ತದೆ, ಒಂದು ಗಂಟೆ ಇರುತ್ತದೆ. ಮಾನಾ, ಅಂದರೆ ಮಂತ್ರಶಕ್ತಿ, ಬಳಸದ ಬರೀ ವಾರಿಯರ್, ರೋಗ್‌ಗಳಿರುವ ಗ್ರೂಪಿಗೆ ಮೇಜ್ ಬ್ರಿಲಿಯನ್ಸ್‌ಗೆ ಬೇಕಾಗುವ ತನ್ನ ಆರ್ಕೇನ್ ಪೌಡರ್ ಸುಮ್ನೆ ಖರ್ಚು ಮಾಡಬೇಕಿಲ್ಲ.

ಪಲಾಡಿನ್‌ನ ಬಫ್‌ಗೆ ಬ್ಲೆಸಿಂಗ್ ಅಂತ ಹೆಸರು. ಅದರ ದೊಡ್ಡ ರೂಪ ಗ್ರೇಟರ್ ಬ್ಲೆಸಿಂಗ್ ಹಾಗಲ್ಲ. ಅದು ಹರಡುವುದು ಕ್ಲಾಸ್, ಅಂದರೆ ಪಾತ್ರದ ಬಗೆಯ ಲೆಕ್ಕದಲ್ಲಿ. ಒಬ್ಬ ವಾರಿಯರ್ ಮೇಲೆ ಹಾಕಿದರೆ ಹತ್ತಿರದಲ್ಲಿರುವ ರೇಡ್‌ನ ಎಲ್ಲ ವಾರಿಯರ್‌ಗಳಿಗೂ ಬೀಳುತ್ತದೆ, ಅವರು ಯಾವ ಗ್ರೂಪಿನಲ್ಲಾದರೂ ಇರಲಿ. ಒಂದು ಸಲಕ್ಕೆ ಒಂದು ಸಿಂಬಲ್ ಆಫ್ ಕಿಂಗ್ಸ್ ಎಂಬ ವಸ್ತು ಖರ್ಚು, 15 ನಿಮಿಷ ಬಾಳಿಕೆ. ಒಬ್ಬರಿಗೇ ಹಾಕುವ ಚಿಕ್ಕ ಬ್ಲೆಸಿಂಗ್‌ಗೆ ಆ ಖರ್ಚಿಲ್ಲ, ಆದರೆ ಅದು ಇರುವುದು 5 ನಿಮಿಷ ಅಷ್ಟೇ.

ತಲೆನೋವು ಇರುವುದು ಇಲ್ಲೇ. ಬ್ಲೆಸಿಂಗ್ ಆಫ್ ಸಾಲ್ವೇಶನ್ ಥ್ರೆಟ್ಟನ್ನು (ಅದು ಯಾರದು ಹೆಚ್ಚೋ ಅವರ ಮೇಲೆ ಶತ್ರು ತಿರುಗುತ್ತಾನೆ) 30% ಇಳಿಸುತ್ತದೆ. ಹೊಡೆಯುವ ವಾರಿಯರ್‌ಗೆ ಅದು ಬೇಕೇ ಬೇಕು, ಇಲ್ಲದಿದ್ದರೆ ಬಾಸ್ ಅವನ ಕಡೆ ತಿರುಗುತ್ತಾನೆ. ಮುಂದೆ ನಿಂತು ಶತ್ರುವಿನ ಹೊಡೆತ ತಿನ್ನುವ ಟ್ಯಾಂಕ್‌ಗೆ ಅದು ಬೇಡವೇ ಬೇಡ, ಅವನ ಕೆಲಸವೇ ಥ್ರೆಟ್ ಗಳಿಸುವುದು. ಆದರೆ ಟ್ಯಾಂಕ್ ಕೂಡ ವಾರಿಯರ್ರೇ ಅಲ್ವಾ! ಅವನನ್ನು ಬಿಟ್ಟು ಮಿಕ್ಕವರಿಗೆ ಮಾತ್ರ ಹಾಕುವ ಗ್ರೇಟರ್ ಬ್ಲೆಸಿಂಗ್ ಈ ಆಟದಲ್ಲಿಲ್ಲ.

ಒಬ್ಬ ಪಲಾಡಿನ್‌ನ ಒಂದೇ ಬ್ಲೆಸಿಂಗ್ ಒಬ್ಬರ ಮೇಲೆ ನಿಲ್ಲುತ್ತದೆ, ಹೊಸದು ಹಾಕಿದರೆ ಹಳೆಯದು ಹೋಗುತ್ತದೆ. ಆ ನಿಯಮವನ್ನೇ ಬಳಸಿಕೊಂಡೆ. ಮೊದಲು ಎಲ್ಲ ವಾರಿಯರ್‌ಗಳಿಗೂ ಗ್ರೇಟರ್ ಸಾಲ್ವೇಶನ್. ಅದರ ಬೆನ್ನಿಗೇ ಪ್ರತಿ ಟ್ಯಾಂಕ್‌ಗೂ ಚಿಕ್ಕ ಬ್ಲೆಸಿಂಗ್ ಆಫ್ ಲೈಟ್. ಲೈಟ್ ಇದ್ದರೆ ಪಲಾಡಿನ್‌ಗಳ ಹೀಲ್ ಅವನಿಗೆ ಜಾಸ್ತಿ ತಗಲುತ್ತದೆ, ಸಾಲ್ವೇಶನ್ನೂ ಹೋಗುತ್ತದೆ. ಈ ಕ್ರಮ ತಿರುವುಮುರುವಾಗಬಾರದು: ಚಿಕ್ಕದರ ಮೇಲೆ ಗ್ರೇಟರ್ ಬಿದ್ದರೆ ಟ್ಯಾಂಕ್‌ಗೆ ಮತ್ತೆ ಸಾಲ್ವೇಶನ್ನೇ. ಹಾಗಾಗಿ ವಾರಿಯರ್‌ಗಳ ಗ್ರೇಟರ್ ಬ್ಲೆಸಿಂಗನ್ನು ಫೈಟ್ ಮಧ್ಯೆ ಮುಟ್ಟುತ್ತಲೇ ಇರಲಿಲ್ಲ. ಬಾಸ್‌ಗೆ ಮೊದಲು ಎಲ್ಲವನ್ನೂ ಹೊಸದಾಗಿ ಹಾಕಿ ಮುಗಿಸುತ್ತಿದ್ದೆ. ಕರಡಿ ರೂಪದಲ್ಲಿ ಟ್ಯಾಂಕ್ ಮಾಡುವ ಡ್ರೂಯಿಡ್‌ಗೂ ಇದೇ ಉಪಾಯ.

ಸಾಲ್ವೇಶನ್ ಬಿದ್ದರೆ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ತೆಗೆಯಿರಿ ಅಂತ ಟ್ಯಾಂಕ್‌ಗಳಿಗೂ ಹೇಳಿಟ್ಟಿದ್ದೆ. ಆದರೆ ಡ್ರ್ಯಾಗನ್ ಮುಂದೆ ನಿಂತವನು ಐಕಾನ್ ನೋಡುತ್ತಾನಾ?

ಮಿಕ್ಕ ಪಲಾಡಿನ್‌ಗಳ ಪಾಲು ಟ್ಯಾಲೆಂಟ್ (ಆಟಗಾರ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯ) ನೋಡಿ ಹಂಚಿದ್ದು. ಕಿಂಗ್ಸ್ ಎಂಬ ಬ್ಲೆಸಿಂಗ್ ಎಲ್ಲ ಸ್ಟ್ಯಾಟ್‌ಗಳನ್ನೂ 10% ಏರಿಸುತ್ತದೆ, ಆದರೆ ಪ್ರೊಟೆಕ್ಷನ್ ಟ್ಯಾಲೆಂಟ್ ತೆಗೆದುಕೊಂಡವನು ಮಾತ್ರ ಹಾಕಬಲ್ಲ. ಮಾನಾ ತುಂಬುವ ವಿಸ್ಡಮ್ ಹೋಲಿ ಟ್ಯಾಲೆಂಟ್‌ನವನಿಗೆ, ಹೊಡೆತ ಹೆಚ್ಚಿಸುವ ಮೈಟ್ ರೆಟ್ರಿಬ್ಯೂಷನ್‌ನವನಿಗೆ. ಇದನ್ನೆಲ್ಲ ಪ್ಯಾಲಿಪವರ್ ಎಂಬ ಅಡಾನ್‌ನಲ್ಲಿ (ಆಟಕ್ಕೆ ಸೇರಿಸಿಕೊಳ್ಳುವ ಚಿಕ್ಕ ಪ್ರೋಗ್ರಾಂ) ತುಂಬಿಸಿದರೆ ಎಲ್ಲ ಪಲಾಡಿನ್‌ಗಳಿಗೂ ಅದೇ ಪಟ್ಟಿ ಕಾಣುತ್ತದೆ. ಲೆಫ್ಟ್ ಕ್ಲಿಕ್‌ಗೆ ಗ್ರೇಟರ್, ರೈಟ್ ಕ್ಲಿಕ್‌ಗೆ ಚಿಕ್ಕದು. ಟ್ಯಾಂಕ್‌ಗಳನ್ನು ಹೆಸರು ಹಿಡಿದು ಬೇರೆ ಇಡಲೂ ಬರುತ್ತದೆ.

ಫೈಟ್ ನಡುವೆ ನನಗೆ ನೆರವಾದದ್ದು ಮೌಸ್‌ಓವರ್ ಮ್ಯಾಕ್ರೊ. ರೇಡ್ ಫ್ರೇಮ್‌ನಲ್ಲಿ ಒಬ್ಬರ ಹೆಸರಿನ ಮೇಲೆ ಮೌಸ್ ಇಟ್ಟು ಕೀ ಒತ್ತಿದರೆ ಬ್ಲೆಸಿಂಗ್ ಅವರಿಗೇ ಹೋಗುತ್ತದೆ. ನನ್ನ ಟಾರ್ಗೆಟ್ ಅಲುಗುವುದಿಲ್ಲ. ಟ್ಯಾಂಕ್‌ನ ಐದು ನಿಮಿಷ ಮುಗಿಯುತ್ತಾ ಬಂದಾಗ, ಸತ್ತವರು ಎದ್ದಾಗ ಇದೇ ಕೀ. ಸತ್ತವರ ಬಫ್ ಎಲ್ಲ ಹೋಗಿರುತ್ತದೆ. ಒಬ್ಬಿಬ್ಬರಾದರೆ ಚಿಕ್ಕದು ಸಾಕು. ಟ್ಯಾಂಕ್‌ಗಳಿಲ್ಲದ ಒಂದೇ ಕ್ಲಾಸಿನ ನಾಲ್ಕೈದು ಜನ ಎದ್ದರೆ ಗ್ರೇಟರ್ ಹಾಕುವುದೇ ಲೇಸು, ಮಾನಾನೂ ಉಳಿಯುತ್ತದೆ.

ಪಲಾಡಿನ್‌ಗಳು ಇಬ್ಬರೇ ಬಂದ ರಾತ್ರಿ ಮೇಜ್, ವಾರ್ಲಾಕ್‌ಗಳಿಗೆ ಸಾಲ್ವೇಶನ್ನೇ ಮೊದಲು ಕೊಟ್ಟೆ. ವಿಸ್ಡಮ್ ಬೇಕು ಅಂತ ಗೊಣಗಿದರು. ಮಾನಾ ಪೋಷನ್ ಕುಡೀರಿ ಅಂದೆ.